ಚಷ್ಮಾ ಬೇಡವೆಂದ ದಿನ

ತೊಟ್ಟಿನ ಬಳಿ ಜೋಳದ ಕಾಳಿನಷ್ಟು ಗಾಢ ಬಣ್ಣ ಉಳಿದಿದ್ದರೂ ಕೆಂಪುಬಾಳೆ ಇನ್ನೂ ಹಣ್ಣಾಗಿಲ್ಲವೆಂದೇ ಅರ್ಥ. ಕಮಲಾಪುರದ ನಮ್ಮ ಮನೆಯಲ್ಲಿ ದೊಡ್ಡವ್ವ ಅದನ್ನು ಅಂಗಳದ ಈ ತುದಿಯಿಂದಲೇ ಹೇಳುತ್ತಿದ್ದಳು. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳು. ನನ್ನ ಮುಖವನ್ನೂ ಹಾಗೆಯೇ ಓದುತ್ತಿದ್ದಳು. ಶನಿವಾರ ವಿಶ್ವವಿದ್ಯಾಲಯದಿಂದ ಊರಿಗೆ ಹೋದರೆ, ನಾನು ಬಾಯಿ ತೆರೆಯುವ ಮೊದಲೇ "ಮಧ್ಯಾಹ್ನ ಉಂಡಿಲ್ಲ ನೀ" ಎನ್ನುವಳು. ಹೇಳಿಕೊಳ್ಳಲು ಬಾರದ ನನಗೆ ಅದೊಂದು ನೆಮ್ಮದಿ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಅವಳು ಕಾಯಿಗಳನ್ನೇ ಹಣ್ಣೆಂದು ಬುಟ್ಟಿಗೆ ಹಾಕತೊಡಗಿದಳು. ಸ್ಟೀಲಿನ ತಟ್ಟೆಯಲ್ಲಿ ಮೊಸರನ್ನ ಬಡಿಸಿದರೆ, "ಬರೇ ತಾಟ ಇಟ್ಟು ಹೋಗ್ತಿಯಲ್ಲ?" ಎಂದು ಬೈದಳು. ಒಮ್ಮೆ ಬಸ್ಸಿನಿಂದ ಇಳಿದ ನನ್ನನ್ನು ನೋಡಿಯೂ ನೋಟವನ್ನು ಆಚೆ ಸರಿಸಿ, ನನ್ನ ಹಿಂದಿನವರಲ್ಲಿ ನನ್ನನ್ನು ಹುಡುಕಿದಳು. ನಾನು ಕೂಗಿದ ಮೇಲೆ ನಕ್ಕಳು.

ಪೊರೆ ಬಂದಿರಬೇಕು ಎಂದುಕೊಂಡೆ. ಪೊರೆಯಾದರೆ ತೆಗೆಸಬಹುದು. ಪೊರೆಯೇ ಆಗಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ, ನಗರದ ಬ್ರಹ್ಮಪುರ ಬಡಾವಣೆಯ ನನ್ನ ಬಾಡಿಗೆ ಕೋಣೆಗೆ ಅವಳನ್ನು ಕರೆತಂದೆ.

ಕಣ್ಣಿನ ಡಾಕ್ಟರರ ಬಾಗಿಲಲ್ಲಿ ಕಪ್ಪು ಕಾಲೊರಸು ಇತ್ತು. ದೊಡ್ಡವ್ವ ನನ್ನ ತೋಳು ಹಿಡಿದು ಅದನ್ನು ದೊಡ್ಡ ಹೆಜ್ಜೆಯಿಟ್ಟು ದಾಟಿದಳು. "ದವಾಖಾನಿ ಕಟ್ಟ್ಯಾರ, ತೆಗ್ಗು ಮುಚ್ಚಾಕ ಆಗಿಲ್ಲ."

ಗೋಡೆಯ ಮೇಲಿನ ಅಕ್ಷರಗಳನ್ನು ಮಾತ್ರ ಕೊನೆಯ ಸಾಲಿನವರೆಗೂ ಓದಿದಳು. "ಇಷ್ಟ ಸಣ್ಣಕ ಬರದೀರಿ, ಶಾಯಿ ತುಟ್ಟಿ ಆಗ್ಯಾದೇನ್ರಿ?"

ನರ್ಸ್ ಬಾಯಿಗೆ ಸೆರಗು ಹಿಡಿದು ನಕ್ಕಳು. "ನಿಮ್ಮ ನಜರ್ ನನಗಿಂತ ತೇಜ್ ಅದ ಅಮ್ಮಾ."

ಡಾಕ್ಟರು ಸಂತೆಯ ಚಿತ್ರವೊಂದನ್ನು ತೋರಿಸಿದರು. ಬುಟ್ಟಿ ಅಂದಳು, ಒಂದು ಕೈ ಅಂದಳು, ಎತ್ತಿನ ಕೊಂಬು ಅಂದಳು. ಸಂತೆ ಎನ್ನಲಿಲ್ಲ.

ಅವಳನ್ನು ಹೊರಗೆ ಕೂರಿಸಿ ಬಂದೆ. "ಪೊರಿ ಇಲ್ಲ, ಚಷ್ಮಾನೂ ಬ್ಯಾಡ," ಎಂದರು ಅವರು. "ಕಣ್ಣು ಛಲೋ ಅವ. ಕಂಡದ್ದು ಏನಂತ ಹೇಳೋದು ತಲಿ, ಅಲ್ಲಿ ಏನೋ ತಪ್ಪಾಕತ್ತದ. ಮರವಿನ ಬ್ಯಾನಿ ಒಬ್ಬೊಬ್ಬರಿಗೆ ಹಿಂಗೂ ಸುರು ಆಗ್ತದ. ಅದೇ ಅಂತ ನಾ ಹೇಳಂಗಿಲ್ಲ. ನರದ ಡಾಕ್ಟರಿಗೆ ತೋರಸ್ರಿ."

ಹಳೆಯ ಚಿಕಿತ್ಸೆಯ ಕಾಗದಗಳೇನಾದರೂ ಇವೆಯೇ ಎಂದು ಕೇಳಿದರು. ಇಲ್ಲ ಎಂದೆ. ಅವಳ ಕಣ್ಣಿಗೆ ಪೊರೆ ಬಂದಿಲ್ಲವೆಂದು ದುಃಖಪಟ್ಟವಳು ನಾನೊಬ್ಬಳೇ ಇರಬೇಕು.

ಸಂಜೆ ಕೋಣೆಯಲ್ಲಿ ಅವಳೆದುರು ಸುಮ್ಮನೆ ಕೂತೆ. ಬೆಳಗಿನಿಂದ ನಾನು ಏನೂ ತಿಂದಿರಲಿಲ್ಲ. ಅವಳು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. ನಾನು ಕಾದೆ.

"ಭಾಳ ಧಗಿ ಅದ ಇಲ್ಲಿ," ಎಂದಳು.

ಮರುದಿನ ಬೆಳಿಗ್ಗೆ ಚಹಾ ಸೋಸಿ, ಲೋಟವನ್ನು ಅವಳ ಕೈಗೇ ಹಿಡಿಸಿ, ಪಕ್ಕದಲ್ಲಿ ಕೂತೆ. ನಾನು ಯಾರೆಂದು ಮೊದಲು ಹೇಳಿದೆ. ಆಮೇಲೆ ಹಸಿವಾಗಿದೆ ಎಂದೆ, ರಾತ್ರಿ ನಿದ್ದೆ ಬರಲಿಲ್ಲ ಎಂದೆ, ಪರೀಕ್ಷೆಯ ಹೆದರಿಕೆ ಇದೆ ಎಂದೆ. ಎಲ್ಲವನ್ನೂ ಒಂದೊಂದಾಗಿ, ಬಾಯಿಬಿಟ್ಟು ಹೇಳಿದೆ.