ಧೂಳಮ್ಮನ ಹೆಪ್ಪು

ಘಾಟಬೋರಾಳದ ಪೂನಂ ನನ್ನ ಜೊತೆ ಸೂಕ್ಷ್ಮಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಕುರಿ ಕಾಯುವ ಅಮೋಘಸಿದ್ದಪ್ಪ ಕಾಕಾನ ಮಗಳು. ಪಾಸಾದ ಮೇಲೆ ಇಬ್ಬರೂ ಚಪ್ಪಲಿ ಸವೆಸಿದೆವು. ಬಸವಕಲ್ಯಾಣದಲ್ಲಿ ರಕ್ತ ತಪಾಸಣೆ ಮಾಡುವ ಲ್ಯಾಬಿನವನು ಡಿಪ್ಲೊಮಾದವರೇ ಸಾಕು ಅಂದ. ಹುಮನಾಬಾದಿನ ಔಷಧ ಕಾರ್ಖಾನೆಯವರಿಗೆ ರಾತ್ರಿ ಪಾಳಿಗೆ ಗಂಡುಹುಡುಗರೇ ಬೇಕಂತೆ. ಕಾಲೇಜಿನವರು ಪಿಎಚ್‌.ಡಿ. ಕೇಳಿದರು. ಸುಡುಗಾಡು ಡಿಗ್ರಿ! ನಾನು ಸಾಕಾಗಿ ಸೀರೆ ಅಂಗಡಿ ಸೇರಿದೆ. ಪೂನಂ ಮಾತ್ರ ಹಟ ಬಿಡಲಿಲ್ಲ.

ಅವಳ ಹಟಕ್ಕೆ ಕಾರಣವಿತ್ತು. ಅಜ್ಜಿ ಧೂಳಮ್ಮ ಹಾಕುವ ಮೊಸರು ನಮ್ಮ ಬೀದರ ಜಿಲ್ಲೆಯ ಬಿಸಿಲಲ್ಲೂ ಹುಳಿಯಾಗದೆ ಗಟ್ಟಿ ನಿಲ್ಲುತ್ತಿತ್ತು. ಅದರ ಹೆಪ್ಪು ಅಜ್ಜಿಗೆ ಅವಳ ಅತ್ತೆಯಿಂದ ಬಂದದ್ದು. ಪೂನಂ ಅದರಿಂದ ಒಂದು ಬ್ಯಾಕ್ಟೀರಿಯಾ ಬೇರ್ಪಡಿಸಿದ್ದಳು. ಆ ತಳಿಯನ್ನು ಜೀವಂತ ತಂದರೆ ಸಂಶೋಧನಾ ಸಹಾಯಕಿಯ ಕೆಲಸ ಕೊಡುತ್ತೇನೆ, ಮುಂದೆ ಪಿಎಚ್‌.ಡಿ.ಯನ್ನೂ ಮಾಡಿಸುತ್ತೇನೆ ಎಂದು ಹೈದರಾಬಾದಿನ ವಿಜ್ಞಾನಿಯೊಬ್ಬರು ಒಪ್ಪಿದರು. ಆದರೆ ನಾವು ಓದಿದ ಕಡೆಯ ಪ್ರಯೋಗಾಲಯದ ಫ್ರಿಜ್‌ನಲ್ಲಿ ಇಟ್ಟಿದ್ದ ತಳಿ ಬೇಸಿಗೆಯಲ್ಲಿ ಕರೆಂಟು ಹೋಗಿ ಸತ್ತಿತ್ತು.

"ಸಾಯ್ಲಿ ಬಿಡು, ಮನ್ಯಾಗ ಗಡಿಗಿ ತುಂಬ ಅದ," ಎಂದು ನಕ್ಕು ಪೂನಂ ಊರಿಗೆ ಹೋದಳು.

"ಹಳೇದು ಒಯ್ಯಬ್ಯಾಡವ್ವ, ನಾಳಿ ತಾಜಾ ಮೊಸರು ಕೊಡ್ತೀನಿ," ಎಂದಳಂತೆ ಅಜ್ಜಿ. ಬೆಳಗ್ಗೆ ಅಜ್ಜಿ ಏಳಲೇ ಇಲ್ಲ.

ಸಾವಾದ ಮನೆಯಲ್ಲಿ ಹಾಲು, ಮೊಸರು, ಬೇಯಿಸಿದ್ದು ಯಾವುದನ್ನೂ ಉಳಿಸುವಂತಿಲ್ಲ. ಸುದ್ದಿ ಕೇಳಿ ನಾನು ಬಸವಕಲ್ಯಾಣದಿಂದ ಹೋಗುವಷ್ಟರಲ್ಲಿ ಪೂನಂಳ ಸೋದರತ್ತೆ ಗಡಿಗೆ ಎತ್ತಿಕೊಂಡು ಗಟಾರದ ಕಡೆ ಹೊರಟಿದ್ದಳು. ಪೂನಂ ಅಡ್ಡ ನಿಂತಳು.

"ಅಪ್ಪಾ, ಒಂದ ಚಮಚಾ ತಗೋತೀನಿ. ನನ್ನ ನೌಕರಿ ಅದರಾಗ ಅದ."

ಅಳುತ್ತಿದ್ದ ಕಾಕಾ ತಲೆ ಎತ್ತಿದರು. "ನಿಮ್ಮ ಆಯಿ ಹೆಣ ಇನ್ನಾ ಅಂಗಳದಾಗ ಅದ. ನಿನಗ ಮೊಸರಿನ ಚಿಂತಿ ಏನ? ನಾಚಿಕಿ ಬರಲ್ಲೇನ?"

ಕೂತವರೆಲ್ಲ ಅವಳನ್ನೇ ನೋಡಿದರು. ಪೂನಂ ದಾರಿ ಬಿಟ್ಟಳು. ನನಗೆ ಮೈಯೆಲ್ಲ ಉರಿಯಿತು, ಆದರೆ ಹೆಣದ ಮುಂದೆ ಯಾರನ್ನು ಬಯ್ಯಲಿ? ಮೊಸರು ಗಟಾರಕ್ಕೆ ಹೋಯಿತು. ಗಡಿಗೆಯನ್ನೂ ಒಡೆದರು.

ಮಣ್ಣು ಮಾಡಿ ಬಂದ ಮೇಲೆ ಪೂನಂ ಪಕ್ಕದ ಮನೆಗೆ ಓಡಿದಳು. ಹಿಂದೆ ಓಣಿಯವರೆಲ್ಲ ಧೂಳಮ್ಮನ ಹೆಪ್ಪನ್ನೇ ಒಯ್ಯುತ್ತಿದ್ದರು. "ಎಮ್ಮಿ ಮಾರಿ ಭಾಳ ದಿನ ಆತು ಬೇಟಿ, ಈಗ ಪಾಕೀಟಿನ ಮೊಸರೇ ತರ್ತೀವಿ," ಎಂದಳು ಆ ಮನೆಯ ತಬಸ್ಸುಮ. ಮನೆಮನೆಯಲ್ಲೂ ಅದೇ ಮಾತು.

ವಿಜ್ಞಾನಿ ಕೆಲವು ವಾರ ಕಾದು ಬೇರೊಬ್ಬರನ್ನು ತೆಗೆದುಕೊಂಡರು. ಪೂನಂ ಈಗ ಊರಲ್ಲೇ ಕುರಿಮರಿ ನೋಡಿಕೊಂಡಿದ್ದಾಳೆ, ಪುಸ್ತಕ ಮುಟ್ಟುವುದಿಲ್ಲ. ಮೊನ್ನೆ ಹೋದಾಗ ಕಾಕಾ ಕೇಳಿದರು, "ವಿಜಯಶ್ರೀ, ಹೈದರಾಬಾದಿನ ನೌಕರಿ ಯಾಕ ತಪ್ಪಿತವ್ವ? ಇಕಿ ಬಾಯೇ ಬಿಡವಲ್ಲಳು."

ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ಕಾಕಾನ ಮುಖ ಬಿಳಿಚಿಕೊಂಡಿತು. ಮಗಳ ಕಡೆ ತಿರುಗಿದರು.

"ಅವತ್ತೇ ಯಾಕ ಹೇಳಲಿಲ್ಲವ್ವಾ?"

ಪೂನಂ ಮರಿಗಳಿಗೆ ಮೇವು ಹಾಕುತ್ತಲೇ ಅಂದಳು, "ಹೇಳಿದ್ನೆಪ್ಪಾ."