ಹದಿನಾಲ್ಕನೇ ಹಾಸಿಗೆಯ ಹಸಿರು ಚೀಟಿ

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಊಟದ ಗಾಡಿ ಮೂರನೇ ಮಹಡಿಯ ಲಿಫ್ಟಿನಿಂದ ಹೊರಬಂತು. ಗಾಡಿ ತಳ್ಳುತ್ತಿದ್ದ ಹೆಂಗಸು ಒಂದೊಂದೇ ತಟ್ಟೆಯ ಮುಚ್ಚಳ ಮುಟ್ಟಿ ಬಿಸಿ ನೋಡಿದಳು. ಪ್ರತಿ ಮುಚ್ಚಳದ ಮೇಲೂ ಒಂದು ಬಣ್ಣದ ಚೀಟಿ ಇತ್ತು. ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಗಾಡಿ ಅಕ್ಕ ಎನ್ನುತ್ತಾರೆ. ವಯಸ್ಸು ಐವತ್ತೆರಡು. ಈ ಮಹಡಿಯಲ್ಲಿ ಊಟ ಹಂಚಲು ಶುರು ಮಾಡಿ ಹತ್ತೊಂಬತ್ತು ವರ್ಷ.

ಹದಿನಾಲ್ಕನೇ ಹಾಸಿಗೆಯ ಮುದುಕ ದಿಂಬಿಗೆ ಒರಗಿ ಕಾಯುತ್ತಿದ್ದ.

"ಇವತ್ತಾದ್ರೂ ಬಣ್ಣ ಬದಲಾಯ್ತೇನಮ್ಮ?"

"ಇಲ್ಲ ಅಜ್ಜ. ಹಸಿರೇ."

"ಹಾಗಾದ್ರೆ ತಗೊಂಡು ಹೋಗಿ ಹಸುಗೆ ಹಾಕು."

ಲಾರಿಯ ಸವೆದ ಟಯರ್‌ಗಳಿಗೆ ಹೊಸ ರಬ್ಬರ್ ಕೂರಿಸುವ ಅಂಗಡಿಯಲ್ಲಿ ನಲವತ್ತು ವರ್ಷ ದುಡಿದವನು ಅವನು. ವಾರ್ಡಿನಲ್ಲಿ ಟಯರ್ ಅಜ್ಜ ಎಂದೇ ಕರೆಯುತ್ತಿದ್ದರು. ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಈ ಮೈ ಆಪರೇಷನ್ ತಡೆಯುವುದಿಲ್ಲ, ಎರಡು ವಾರದೊಳಗೆ ನಲವತ್ತೆಂಟು ಕಿಲೋ ಮುಟ್ಟಿದರೆ ಮಾತ್ರ ಮಾಡುತ್ತೇನೆ ಎಂದು ಸರ್ಜನ್ ಹೇಳಿದ್ದರು. ಅಜ್ಜ ತೂಗುತ್ತಿದ್ದುದು ನಲವತ್ತಾರು. ಬೇಳೆಯೂ ಹಾಲೂ ಅವನ ಹೊಟ್ಟೆಯಲ್ಲಿ ಅರ್ಧ ಗಂಟೆ ನಿಲ್ಲುತ್ತಿರಲಿಲ್ಲ. ಮೊಟ್ಟೆ, ಮೀನು ಕೊಟ್ಟರೆ ದಕ್ಕುತ್ತದೆ ಎಂದು ಅವನೇ ಹೇಳುತ್ತಿದ್ದ. ಹುಟ್ಟಿದಾಗಿನಿಂದ ತಿಂದಿದ್ದು ಅದನ್ನೇ. ಆದರೆ ದಾಖಲಾತಿ ಫಾರಂನ ಧರ್ಮದ ಕಾಲಮ್ಮಿನಲ್ಲಿ ಬೌದ್ಧ ಎಂದಿತ್ತು. ಬೌದ್ಧ ಎಂದರೆ ಹಸಿರು ಚೀಟಿ. ಹಸಿರು ಎಂದರೆ ಮಾಂಸ, ಮೀನು, ಮೊಟ್ಟೆ ಯಾವುದೂ ಇಲ್ಲ.

ಅಡುಗೆಮನೆಯ ಗೋಡೆಯ ಮೇಲೆ ಒಂದು ಪಟ್ಟಿ ಇದೆ. ಹಿಂದೂ, ಬೌದ್ಧ, ಜೈನ ಎಲ್ಲರಿಗೂ ಹಸಿರು. ಮುಸ್ಲಿಮರಿಗೆ ನೀಲಿ, ಅಂದರೆ ಹಲಾಲ್ ಮಾಂಸ. ಸಿಖ್ಖರಿಗೂ ನೀಲಿಯೇ, ಪೇಟ, ಗಡ್ಡ ಇದ್ದವರೆಲ್ಲ ಒಂದೇ ಎಂದು ಪಟ್ಟಿ ಬರೆದವರು ಅಂದುಕೊಂಡಿರಬೇಕು. ಕ್ರೈಸ್ತರಿಗೆ ಮತ್ತು ಧರ್ಮವಿಲ್ಲದವರಿಗೆ ಬಿಳಿ, ಅಂದರೆ ಅಡುಗೆಮನೆಯಲ್ಲಿ ಇದ್ದದ್ದು. ಈ ಪಟ್ಟಿ ಎಲ್ಲೆಲ್ಲಿ ತಪ್ಪಿದೆ ಎಂದು ಅಕ್ಕನಿಗೆ ತಟ್ಟೆ ಹಂಚಿ ಹಂಚಿಯೇ ಗೊತ್ತಾಗಿತ್ತು. ಉಪವಾಸದ ತಿಂಗಳಲ್ಲಿ ನೀಲಿ ಚೀಟಿಯ ಮಧ್ಯಾಹ್ನದ ತಟ್ಟೆ ಬರುವುದೇ ಇಲ್ಲ. ಕಾಯಿಲೆಯವರಿಗೆ ತಮ್ಮ ಧರ್ಮವೇ ವಿನಾಯಿತಿ ಕೊಟ್ಟಿದೆ ಎಂದು ಸಕ್ಕರೆ ಕಾಯಿಲೆಯ ಒಬ್ಬ ದರ್ಜಿ ಹೇಳಿದ್ದು, ತಲೆ ಸುತ್ತಿ ಬಿದ್ದು ಎಚ್ಚರವಾದ ಮೇಲೆ. ಕ್ರೈಸ್ತ ಅಜ್ಜಿಯೊಬ್ಬಳು ಆರು ವಾರ ಮಾಂಸ, ಹಾಲು ಮುಟ್ಟದ ವ್ರತ ಹಿಡಿದಿದ್ದಾಗ ದಿನವೂ ಬಿಳಿ ಚೀಟಿಯ ಮಾಂಸದ ಸಾರೇ ಬಂತು. ಅಜ್ಜಿ ಅದನ್ನು ಪಕ್ಕಕ್ಕೆ ಸರಿಸಿ ಒಣ ಬ್ರೆಡ್ ತಿಂದಳು. ಹಸಿರು ಚೀಟಿಯ ಹಿಂದೂಗಳಲ್ಲಿ ಎಷ್ಟೋ ಜನ ಪಕ್ಕದವನ ಬಿಳಿ ತಟ್ಟೆ ನೋಡುತ್ತಲೇ ಊಟ ಮುಗಿಸುತ್ತಾರೆ.

ಅಕ್ಕನೂ ಎಲ್ಲ ತಿಳಿದುಕೊಂಡು ಬಂದವಳಲ್ಲ. ಬೌದ್ಧರೆಂದರೆ ತಲೆ ಬೋಳಿಸಿಕೊಂಡವರು ಎಂದೇ ಅವಳು ತಿಳಿದಿದ್ದಳು. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಒಬ್ಬ ಬೌದ್ಧ ರೋಗಿಯನ್ನು "ಕೂದಲು ಯಾವಾಗಿಂದ ಬಿಟ್ರಿ?" ಎಂದು ಕೇಳಿ ನಗೆಪಾಟಲಾಗಿದ್ದಳು.

ಹಿಂದೆ ಯಾರದೋ ತಟ್ಟೆಗೆ ಬೀಳಬಾರದ್ದು ಬಿದ್ದು ರಂಪವಾಗಿತ್ತು. ಅಂದಿನಿಂದ ಚೀಟಿಯ ಬಣ್ಣ ಬದಲಿಸಲು ರೋಗಿಯ ಮಾತು ಸಾಲದು, ಆಸ್ಪತ್ರೆಯ ಧರ್ಮ ಸಲಹೆಗಾರರ ಸಹಿ ಬೇಕು. ಹೊರಗಿನ ಊಟಕ್ಕಂತೂ ವಾರ್ಡಿನೊಳಗೆ ಪ್ರವೇಶವಿಲ್ಲ. ಭಾನುವಾರ ಬರುತ್ತಿದ್ದ ಅಜ್ಜನ ತಂಗಿಯ ಮಗಳು ಬರಿಗೈಯಲ್ಲೇ ಬರಬೇಕಿತ್ತು. ಅಕ್ಕ ಎರಡು ಸಲ ಅರ್ಜಿ ಬರೆದಳು. ಮೊದಲ ವಾರದ ಕೊನೆಗೆ ಸಲಹೆಗಾರರು ಖುದ್ದು ಬಂದರು. ನಿವೃತ್ತ ಮೇಷ್ಟ್ರು, ಮೃದು ಮಾತಿನವರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಹಾಸಿಗೆಯ ಪಕ್ಕ ನಿಂತರು.

"ತಾವು ದಿನಾ ಧ್ಯಾನ ಮಾಡ್ತೀರಾ?"

"ಕಣ್ಣು ಮುಚ್ಚಿ ಕೂತಿದ್ದು ಕ್ಷೌರದ ಅಂಗಡಿಯಲ್ಲಿ ಮಾತ್ರ ಸ್ವಾಮಿ."

"ಮನೇಲಿ ಮೊದಲಿಂದ್ಲೂ ಸಸ್ಯಾಹಾರ ತಾನೇ?"

"ನಮ್ಮಮ್ಮ ಮೀನು ಮಾರಿ ನನ್ನನ್ನ ಸಾಕಿದ್ದು."

ಸಲಹೆಗಾರರು ಕನಿಕರದಿಂದ ತಲೆಯಾಡಿಸಿದರು. ಹೊರಗೆ ಬಂದು ಅಕ್ಕನಿಗೆ ತಗ್ಗಿದ ದನಿಯಲ್ಲಿ ಹೇಳಿದರು: "ಪಾಪ, ಅವರಿಗೆ ತಮ್ಮ ಧರ್ಮ ತಿಳಿಸಿಕೊಟ್ಟವರೇ ಇಲ್ಲ. ಕಾಯಿಲೆ ಬಿದ್ದಾಗ ಮನಸ್ಸು ಏನೇನೋ ಕೇಳುತ್ತೆ. ಅವರ ಅಹಿಂಸೆ ಮುರಿಯೋ ಕೆಲಸ ನಮ್ಮಿಂದ ಆಗಬಾರ್ದಮ್ಮ."

"ಬೌದ್ಧರಲ್ಲಿ ಮೀನು ತಿನ್ನೋರು ಬೇಕಾದಷ್ಟು ಜನ ಇದ್ದಾರೆ ಸಾರ್. ನಾನೇ ಎಷ್ಟು ಜನರನ್ನ ನೋಡಿದ್ದೀನಿ."

"ನೀವು ರೋಗಿಗಳನ್ನ ನೋಡಿದ್ದೀರಿ. ನಾನು ಗ್ರಂಥಗಳನ್ನ ನೋಡಿದ್ದೀನಿ," ಎಂದು ಅವರು ಚಪ್ಪಲಿ ಮೆಟ್ಟಿಕೊಂಡರು. ಸಹಿ ಹಾಕಲಿಲ್ಲ.

ಅಕ್ಕನ ಮನೆ ಎರಡು ಕೋಣೆಯದು. ಗಂಡ ತೀರಿಕೊಂಡ ಮೇಲೆ ಅಲ್ಲಿ ಅವಳು ಮತ್ತು ನಾದಿನಿ ಇಬ್ಬರೇ. ಸಂಜೆ ಒಗೆದ ಬಟ್ಟೆ ಮಡಿಚುತ್ತಾ ಅಕ್ಕ ನಡೆದದ್ದನ್ನು ಹೇಳಿದಾಗ ನಾದಿನಿಯೂ ಸಲಹೆಗಾರರ ಪಕ್ಷವನ್ನೇ ಹಿಡಿದಳು.

"ಅವರು ಇರುವೆ ತುಳಿದ್ರೂ ಪಾಪ ಅನ್ನೋ ಜನ ಅತ್ತಿಗೆ. ಟೀವೀಲಿ ನಾನೇ ನೋಡಿದ್ದೀನಿ."

"ಆ ಅಜ್ಜ ನಿನ್ನೆ ಸೊಳ್ಳೆ ಹೊಡೆದ ಕಣೆ. ಒಂದೇ ಏಟಿಗೆ."

"ಹಾಗಾದ್ರೆ ಆತ ಬೌದ್ಧನೇ ಅಲ್ಲ ಬಿಡು."

ಮರುದಿನ ಅಕ್ಕ ಕೆಳಗಿಳಿದು ದಾಖಲಾತಿ ಗುಮಾಸ್ತನನ್ನು ಕೇಳಿದಳು. ಅವನು ಪರದೆಯಿಂದ ಕಣ್ಣು ತೆಗೆಯದೆ ದಾರಿ ಹೇಳಿಕೊಟ್ಟ. "ಧರ್ಮ ಇಲ್ಲ ಅಂತ ಬರೆಸಿ. ರೋಗಿಯ ಸಹಿ ಒಂದಿದ್ರೆ ಸಾಕು. ನಾಳೆಯಿಂದಲೇ ಬಿಳಿ ಚೀಟಿ."

ಅಕ್ಕ ಫಾರಂ ಹಿಡಿದು ಮೆಟ್ಟಿಲು ಹತ್ತಿದಳು, ಲಿಫ್ಟಿಗೂ ಕಾಯಲಿಲ್ಲ. ಅಜ್ಜ ಫಾರಂ ಓದಿಸಿಕೊಂಡು, ಒಂದು ರಾತ್ರಿ ಟೈಮು ಕೊಡು ಎಂದ. ಬೆಳಿಗ್ಗೆ ಖಾಲಿ ಫಾರಂ ವಾಪಸು ಕೊಟ್ಟ.

"ನನ್ನ ಹೆಂಡ್ತಿಯನ್ನ ಇದೇ ಆಸ್ಪತ್ರೇಲಿ ಕಳಕೊಂಡೆ. ಅವಳ ಕಾಗದದಲ್ಲಿ ಬೌದ್ಧ ಅಂತಿದೆ. ನಾಳೆ ನಾನೂ ಇಲ್ಲೇ ಹೋದ್ರೆ? ಕಾಲಂ ನೋಡಿ ತಾನೇ ಹೆಣ ಕೊಂಡೊಯ್ಯೋದು. ಅವಳನ್ನ ಒಂದು ಕಡೆ ಹಾಕಿ ನನ್ನನ್ನ ಇನ್ನೊಂದು ಕಡೆ ಹಾಕ್ತಾರೆ."

"ಅಜ್ಜ, ಆಪರೇಷನ್ ಮುಗಿದ ಮೇಲೆ ವಾಪಸು ಬದಲಾಯಿಸಿದರಾಯ್ತು."

"ಮುಗಿದ ಮೇಲೆ ನಾನಿರ್ಬೇಕಲ್ಲ. ಒಂದು ಮೊಟ್ಟೆಗೋಸ್ಕರ ಬಿಟ್ಟುಹೋದೆ ಅಂತ ಅವಳು ನಗ್ತಾಳೆ ಕಣಮ್ಮ. ಅವಳ ನಗು ನಿಂಗೊತ್ತಿಲ್ಲ."

ಅಂದಿನಿಂದ ಅಕ್ಕ ಬಿಳಿ ತಟ್ಟೆಗಳಲ್ಲಿ ಉಳಿದ ಮೊಟ್ಟೆಯನ್ನು ಕರವಸ್ತ್ರದಲ್ಲಿ ಸುತ್ತಿ ತರತೊಡಗಿದಳು. ನೀರಿನ ಜಗ್ಗು ತುಂಬುವ ನೆಪದಲ್ಲಿ ಹಾಸಿಗೆಗೆ ಮರೆಯಾಗಿ ನಿಲ್ಲುತ್ತಿದ್ದಳು, ಅಜ್ಜ ಎರಡು ತುತ್ತಿಗೆ ಮುಗಿಸುತ್ತಿದ್ದ. ಮೊಟ್ಟೆ ಹೊಟ್ಟೆಯಲ್ಲಿ ನಿಂತಿತು. ನಾಲ್ಕು ದಿನಕ್ಕೆ ತೂಕದ ಯಂತ್ರದ ಮುಳ್ಳು ಆರುನೂರು ಗ್ರಾಂ ಮೇಲೆ ಸರಿಯಿತು. ಐದನೆಯ ದಿನ ನರ್ಸಮ್ಮ ಹಾಸಿಗೆಯ ಬಟ್ಟೆ ಬದಲಿಸುವಾಗ ಮೊಟ್ಟೆಯ ಹಳದಿಯ ಪುಡಿ ಸಿಕ್ಕಿತು.

ಅಕ್ಕನ ಮೇಲೆ ಬಂದ ಆರೋಪ, ರೋಗಿಯ ಧಾರ್ಮಿಕ ಭಾವನೆಗೆ ಧಕ್ಕೆ ತಂದದ್ದು. ನಿಯಮದಂತೆ ಅವಳು ರೋಗಿಯ ಎದುರು ನಿಂತು ಕ್ಷಮಾಪಣೆ ಪತ್ರ ಓದಬೇಕು, ರೋಗಿ ಒಪ್ಪಿ ಸಹಿ ಹಾಕಬೇಕು. ಮಂಗಳವಾರ ಮಧ್ಯಾಹ್ನ ಸಲಹೆಗಾರರ ಸಮ್ಮುಖದಲ್ಲಿ ಅವಳು ಓದಿದಳು. "ತಮ್ಮ ಪವಿತ್ರ ನಂಬಿಕೆಯನ್ನು ಅರಿಯದೆ ನಾನು" ಎಂಬಲ್ಲಿ ಓದು ನಿಲ್ಲಿಸಿದಳು. ನೀರು ಕುಡಿದು ಮುಂದುವರಿಸಿದಳು.

ಅಜ್ಜ ಪೆನ್ನು ತೆಗೆದುಕೊಂಡು ಸಲಹೆಗಾರರ ಕಡೆ ನೋಡಿದ. "ಇದಕ್ಕೆ ಸಹಿ ಹಾಕದಿದ್ರೆ ಇವಳಿಗೆ ಏನ್ಮಾಡ್ತೀರಿ?"

"ಕೆಲಸ ಹೋಗುತ್ತೆ."

"ಹಾಕಿದ್ರೆ?"

"ಪಾತ್ರೆ ತೊಳೆಯೋ ವಿಭಾಗಕ್ಕೆ ವರ್ಗ. ಅಷ್ಟೇ."

ಅಜ್ಜ ಕಾಗದವನ್ನು ತೊಡೆಯ ಮೇಲೆ ಸರಿಪಡಿಸಿಕೊಂಡ. "ನೋವಾಯ್ತು ಅಂತ ಎಲ್ಲಿ ಬರೆದಿದೆ, ತೋರ್ಸಿ. ಸರಿಯಾಗಿ ಅದರ ಕೆಳಗೇ ಹಾಕ್ತೀನಿ." ಅವನ ಸಹಿ ಎರಡು ಸಾಲಿನ ಮೇಲೆ ಹಾಯ್ದಿತು. ಸಲಹೆಗಾರರು ಅವನಿಗೆ ಕೈಮುಗಿದು ಹೋದರು. ಅವರ ಮುಖದಲ್ಲಿ ಒಂದು ಅಪಚಾರ ಸರಿಪಡಿಸಿದ ಸಮಾಧಾನವಿತ್ತು.

"ಬೈಕೋಬೇಡ ಕಣಮ್ಮ," ಎಂದ ಅಜ್ಜ.

"ಸಹಿ ಹಾಕದೇ ಇದ್ದಿದ್ರೆ ಬೈತಿದ್ದೆ," ಎಂದಳು ಅಕ್ಕ. ಆ ಮಧ್ಯಾಹ್ನದ ಹಸಿರು ತಟ್ಟೆಯನ್ನು ಅವಳೇ ಮುಂದಿಟ್ಟಳು, ಮುಟ್ಟದೆ ಉಳಿದದ್ದನ್ನು ಅವಳೇ ಎತ್ತಿಕೊಂಡಳು.

ಎರಡು ವಾರ ಮುಗಿದ ಗುರುವಾರ ಬೆಳಿಗ್ಗೆ ತೂಗಿದಾಗ ಮುಳ್ಳು ನಲವತ್ತಾರೂವರೆ ಕಿಲೋದಲ್ಲಿ ನಿಂತಿತು. ಸರ್ಜನ್ ಕಾಗದ ನೋಡಿ, ಅಜ್ಜನ ಆಪರೇಷನ್ನಿಗೆ ಇಟ್ಟಿದ್ದ ಸಮಯವನ್ನು ಇಪ್ಪತ್ತೊಂದನೇ ಹಾಸಿಗೆಯವನಿಗೆ ಕೊಟ್ಟರು. ಶುಕ್ರವಾರ ಅಜ್ಜನನ್ನು ಮನೆಗೆ ಕಳಿಸಿದರು. ಮೂರು ತಿಂಗಳ ನಂತರದ ತಾರೀಖು ಬರೆದುಕೊಟ್ಟರು. ಡ್ಯೂಟಿ ಡಾಕ್ಟರು ತಂಗಿಯ ಮಗಳನ್ನು ಕಾರಿಡಾರಿಗೆ ಕರೆದು, ಅಷ್ಟು ದಿನ ಇರಲಾರರು, ಆ ತಾರೀಖಿಗೆ ಬರುವ ಅಗತ್ಯ ಬೀಳಲಿಕ್ಕಿಲ್ಲ ಎಂದರು.