ಬೊಗ್ಗನ ಹೊಟ್ಟೆಗೆ ಏನು ಹಿಡಿಸುತ್ತದೆ?

ಆಗ ನನಗೆ ಅರವತ್ತೇಳು. ಮೂರು ವರ್ಷದ ಹಿಂದಿನ ಮಾತು. ಒಂದು ಬೆಳಿಗ್ಗೆ ಉಪ್ಪಿನಕಾಯಿ ಬಾಟಲಿಯಲ್ಲಿ ನಾಯಿಯ ಹೇಲು ತುಂಬಿಸಿಕೊಂಡು ಕೋಟೇಶ್ವರದಲ್ಲಿ ಬ್ರಹ್ಮಾವರದ ಬಸ್ಸು ಹತ್ತಿದೆ.

(ತಿಂಡಿ ತಿನ್ನುತ್ತ ಪೇಪರ್ ಓದುವ ಅಭ್ಯಾಸ ಇದ್ದವರು ಮೊದಲು ತಿಂಡಿ ಮುಗಿಸಿ ಬನ್ನಿ. ನಾನು ಕಾಯುತ್ತೇನೆ.)

ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕುಳಿತವಳು ಗಿರಿಜ. ಬೀಜಾಡಿಯಲ್ಲಿ ನಮ್ಮ ಪಕ್ಕದ ಮನೆ. ಎಲ್ಲಿ ಕೂತರೂ ಅವಳ ಕಣ್ಣು ಇನ್ನೊಬ್ಬರ ಚೀಲದೊಳಗೇ.

"ಎಂತ ಅಕ್ಕ, ಎಲ್ಲಿಗ್ ಹೋಪ್ದ್? ಉಪ್ಪಿನ್ಕಾಯಿ ಮಗಳ ಮನಿಗಾ?"

"ಅಲ್ಲ. ನಿಂಗ್ ಬೇಕಾ?"

"ಕೊಡಿ ಕಾಂಬ" ಎಂದು ಕೈ ಚಾಚಿಯೇಬಿಟ್ಟಳು. ಮುಚ್ಚಳ ತೆಗೆಯುವ ಮೊದಲು ನಿಜ ಹೇಳಿದೆ. ಬ್ರಹ್ಮಾವರ ಬರುವವರೆಗೂ ಅವಳು ತುಟಿ ಬಿಚ್ಚಲಿಲ್ಲ. ಮೂವತ್ತು ವರ್ಷದ ನೆರೆಕರೆಯಲ್ಲಿ ಗಿರಿಜ ಅಷ್ಟು ಹೊತ್ತು ಸುಮ್ಮನೆ ಕೂತದ್ದು ಅದೇ ಮೊದಲು.

ಬಾಟಲಿ ತರಲಿಕ್ಕೆ ಹೇಳಿದ್ದು ಬ್ರಹ್ಮಾವರದ ನಾಯಿ ಡಾಕ್ಟ್ರು. ಹೇಲು ಯಾರದ್ದು ಅಂದರೆ ನಮ್ಮ ಬೊಗ್ಗನದ್ದು.

ನಾನು ನಾಯಿಯನ್ನು "ಚಿನ್ನ", "ಬಂಗಾರ" ಎಂದು ಕರೆಯುವ ಜಾತಿಯವಳಲ್ಲ. ಅಂಗಳದಲ್ಲಿ ಮೀನು ಒಣ ಹಾಕಿದರೆ ಕಾಗೆ ಓಡಿಸಲಿಕ್ಕೆ ಒಬ್ಬ ಬೇಕಿತ್ತು. ಮಗ ಬೋಟಿಗೆ ಹೋಗುವವನು. ದಡದಲ್ಲಿ ಬಲೆಯ ರಾಶಿಯೊಳಗೆ ಸಿಕ್ಕಿದ ಮರಿಯನ್ನು ಅವನೇ ತಂದು ಹಾಕಿದ. ಬೊಗ್ಗ ಎಂದು ಹೆಸರಿಟ್ಟೆವು. ಬೆಳೆಯಿತು. ಕಾಗೆ ಓಡಿಸಿತು. ನಾನು ಗಂಜಿ ಹಾಕಿದೆ. ಲೆಕ್ಕ ಸಮ.

ಎರಡು ವರ್ಷ ಆದ ಮೇಲೆ ಶುರುವಾಯಿತು. ತಿಂದದ್ದು ಒಂದು ಗಂಟೆ ನಿಲ್ಲುವುದಿಲ್ಲ. ಒಂದೋ ಮೇಲಿಂದ ಬರುತ್ತದೆ, ಇಲ್ಲ ಕೆಳಗಿಂದ ಹೋಗುತ್ತದೆ. ಪಕ್ಕೆಲುಬು ಎಣಿಸುವ ಹಾಗಾಯಿತು. ಇದು ಮೊದಲು ಗೊತ್ತಾದದ್ದು ನಮಗಲ್ಲ, ಕಾಗೆಗಳಿಗೆ. ಬೊಗ್ಗ ಮಲಗಿದ ಎರಡು ಮಾರು ಆಚೆ ಕೂತು ಆರಾಮಾಗಿ ಮೀನು ಎಳೆಯತೊಡಗಿದವು. ಅವನು ತಲೆ ಎತ್ತಿ ನೋಡುತ್ತಿದ್ದ, ಅಷ್ಟೇ.

ನಾಯಿಗೆ ಹುಷಾರಿಲ್ಲ ಎಂದರೆ ಊರಿಗೆ ಊರೇ ಡಾಕ್ಟರು. ಮಜ್ಜಿಗೆ ಕುಡಿಸಿ ಎಂದಳು ಗಿರಿಜ. ಕುಡಿಸಿದೆ. ಜೀರಿಗೆ ಕಷಾಯ ಎಂದರು ಇನ್ನೊಬ್ಬರು. ಅದನ್ನೂ ಮಾಡಿದೆ. ದೃಷ್ಟಿ ಆಗಿದೆ, ಕಪ್ಪು ದಾರ ಕಟ್ಟಿ ಎಂದರು. ಕಟ್ಟಿದೆ. ಬೊಗ್ಗ ಆ ದಾರವನ್ನೂ ಕಚ್ಚಿ ತಿಂದ. ಹೊಟ್ಟೆಯಲ್ಲಿ ನಿಂತದ್ದು ಅದೊಂದೇ.

ಕಡೆಗೆ ಸೊಸೆ ಜಲಜ ರಿಕ್ಷಾ ಮಾಡಿಸಿದಳು. (ಬಸ್ಸಿನವರು ಮೀನಿನ ಬುಟ್ಟಿ ಹತ್ತಿಸಿಕೊಳ್ಳುತ್ತಾರೆ, ನಾಯಿಯನ್ನು ಇಲ್ಲ. ಯಾವುದರ ವಾಸನೆ ಹೆಚ್ಚು ಎಂದು ಕೇಳಿದರೆ ಕಂಡಕ್ಟರು ಸಿಟ್ಟಾಗುತ್ತಾನೆ.) ಹೀಗೆ ಬ್ರಹ್ಮಾವರದ ಡಾಕ್ಟರ ಹತ್ತಿರ ಹೋದೆವು. ನಮ್ಮ ಕಡೆಯವರಲ್ಲ, ತುಮಕೂರಿನ ಕಡೆಯ ಹುಡುಗ. ಮೆತ್ತಗೆ ಮಾತಾಡುತ್ತಾರೆ. ಬೊಗ್ಗನ ಹೊಟ್ಟೆ ಒತ್ತಿ ನೋಡಿ ನನ್ನ ಕಡೆ ತಿರುಗಿದರು.

"ಏನಮ್ಮಾ, ಊಟಕ್ಕೆ ಏನ್ ಕೊಡ್ತೀರಾ?"

"ಗಂಜಿ. ಮೀನಿನ ತಲೆ ಬೇಯ್ಸಿ ಹಾಕ್ತೆ."

"ಖಾರ?"

"ಇಲ್ಲೆ."

"ಮಸಾಲೆ?"

"ನಾಯಿಗ್ ಯಾರ್ ಮಸಾಲೆ ಹಾಕ್ತ್ರ್ ಮಾರಾಯ್ರೆ?"

"ಈರುಳ್ಳಿ, ಬೆಳ್ಳುಳ್ಳಿ, ತೆಂಗಿನಕಾಯಿ?"

"ಎಂತದೂ ಇಲ್ಲೆ. ಸಪ್ಪೆ. ಬರೀ ಸಪ್ಪೆ."

ದೇವಸ್ಥಾನದ ಮೆಟ್ಟಿಲು ಮುಟ್ಟಿ ಹೇಳು ಎಂದಿದ್ದರೆ ಹಾಗೂ ಹೇಳುತ್ತಿದ್ದೆ.

ಡಾಕ್ಟ್ರು ಬರೆದುಕೊಂಡರು. ಇದಕ್ಕೆ ಸೆನ್ಸಿಟಿವ್ ಸ್ಟಮಕ್ ಎಂದರು. ಹೊಟ್ಟೆ ಸೂಕ್ಷ್ಮ. ನಮ್ಮ ಮನೆಯಲ್ಲಿ ಇಷ್ಟು ವರ್ಷಕ್ಕೆ ಸೂಕ್ಷ್ಮ ಎನ್ನುವುದು ಯಾರಿಗಾದರೂ ಇದ್ದರೆ ಈ ನಾಯಿಗೇ ಮೊದಲು. ಮೀನಿನ ತಲೆ ನಿಲ್ಲಿಸಿ, ಕೋಳಿ ಬೇಯಿಸಿ ಕೊಡಿ ಎಂದರು. ಕೊಟ್ಟೆ. ಕಕ್ಕಿದ. ಮೊಟ್ಟೆ ಎಂದರು. ಕಕ್ಕಿದ. ಆಮೇಲೆ ಅಂಗಡಿಯ ಪ್ಯಾಕೆಟ್ಟು ಬರೆದುಕೊಟ್ಟರು. ಇಂಥ ಹೊಟ್ಟೆಯ ನಾಯಿಗಳಿಗೆಂದೇ ಮಾಡಿದ್ದಂತೆ. ಹುಣಸೆಬೀಜದ ಹಾಗೆ ಗಟ್ಟಿ ಕಾಳು. ಬೊಗ್ಗ ಮೂಸಿ ನೋಡಿದ. ಆಮೇಲೆ ನನ್ನ ಮುಖ ನೋಡಿದ. ಚೂರು ನೀರು ಹೊಯ್ದು ನೆನೆಸಿ ಕೊಟ್ಟೆ. ಬಟ್ಟಲು ತೊಳೆಯುವುದೇ ಬೇಡ ಎನ್ನುವ ಹಾಗೆ ನೆಕ್ಕಿ ತಿಂದ.

ಮಧ್ಯಾಹ್ನದೊಳಗೆ ಅದೂ ಅಂಗಳದಲ್ಲಿ.

ಆಗಲೇ ಡಾಕ್ಟ್ರು ಬಾಟಲಿಯಲ್ಲಿ ತನ್ನಿ ಎಂದದ್ದು, ನಾನು ಗಿರಿಜನ ಪಕ್ಕ ಕೂತು ಹೋದದ್ದು. ಪರೀಕ್ಷೆ ಮಾಡಿದರು. ಹುಳ ಇಲ್ಲ. ಏನೂ ಇಲ್ಲ.

ನನಗೆ ಸಾಕಾಗಿತ್ತು. ಮೂರು ತಿಂಗಳು ದಿನಾ ಬೆಳಿಗ್ಗೆ ಎದ್ದು ಅಂಗಳಕ್ಕೆ ಬೂದಿ ಹಾಕುವುದು ಅಂದರೆ ಏನು? ಬೊಗ್ಗನಿಗೂ ಸಾಕಾಗಿತ್ತು, ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಡಾಕ್ಟರನ್ನು ನೇರ ಕೇಳಿದೆ.

"ಹಾಂಗಾರೆ ಒಂದ್ ಇಂಜೆಕ್ಷನ್ ಕೊಟ್ಟ್ ಮುಗ್ಸಿ ಬಿಡಿ. ಹೀಂಗೆ ಒಣಗಿ ಸಾಯುದಕ್ಕಿಂತ ಅದೇ ಒಳ್ಳೇದ್."

ಡಾಕ್ಟ್ರು ಪೆನ್ನು ಕೆಳಗಿಟ್ಟರು. "ಇದು ಸಾಯೋ ಕಾಯಿಲೆ ಅಲ್ಲಮ್ಮಾ. ಅದಕ್ಕೆ ಆಗದೇ ಇರೋದು ಏನೋ ಒಂದು ಹೊಟ್ಟೆಗೆ ಹೋಗ್ತಾ ಇದೆ. ಹುಡುಕಿ. ಹದಿನೈದು ದಿನ ನೋಡೋಣ. ಆಗ್ಲೂ ಹೀಗೇ ಇದ್ರೆ ನೀವು ಹೇಳಿದ್ದನ್ನ ಯೋಚನೆ ಮಾಡೋಣ. ಇನ್ನೂ ಸಣ್ಣ ಆದ್ರೆ ಉಳಿಯೋದೂ ಕಷ್ಟ."

ಹದಿನೈದು ದಿನ. ಮನೆಗೆ ಬಂದು ಕ್ಯಾಲೆಂಡರಿನಲ್ಲಿ ಗೆರೆ ಹಾಕಿದೆ.

ಮೂರನೇ ದಿನ ಬೈಂದೂರಿನಲ್ಲಿ ನನ್ನ ಅಣ್ಣ ತೀರಿಕೊಂಡ. ಎಂಬತ್ತೆರಡು ವರ್ಷ. ಬದುಕಿದ್ದಾಗ ಬಾಗಿಲಿಗೆ ಬಂದವರಿಗೆ ಒಂದು ಲೋಟ ನೀರು ಕೊಟ್ಟವನಲ್ಲ. (ಸತ್ತವರ ಬಗ್ಗೆ ಹೀಗೆ ಹೇಳಬಾರದು ಎನ್ನುತ್ತಾರೆ. ಬದುಕಿದ್ದಾಗಲೂ ಅವನ ಎದುರೇ ಹೇಳಿದ್ದೇನೆ, ಹೊಸತೇನಲ್ಲ.) ಹೋಗಿ ಮುಖ ನೋಡಿ ಬಂದೆ.

ಸೂತಕ ಅಂದರೆ ನಮ್ಮ ಮನೆಯ ಕ್ರಮ ಗಟ್ಟಿ. ಬೊಜ್ಜದ ಊಟ, ಅಂದರೆ ಉತ್ತರಕ್ರಿಯೆಯ ಊಟ, ಮುಗಿಯುವವರೆಗೆ ಮೀನಿಲ್ಲ, ಕೋಳಿ ಇಲ್ಲ, ಮೊಟ್ಟೆ ಇಲ್ಲ. ಒಗ್ಗರಣೆ ಇಲ್ಲ. ಮಸಾಲೆ ಅರೆಯುವುದಿಲ್ಲ. ಗಂಜಿ, ಉಪ್ಪು ಹಾಕಿ ಬೇಯಿಸಿದ ತರಕಾರಿ, ಮುಗಿಯಿತು. ನಾಯಿಯ ಪ್ಯಾಕೆಟ್ಟನ್ನು ಜಲಜ ತಿರುಗಿಸಿ ನೋಡಿದಳು.

"ಅತ್ತೆ, ಇದ್ರಲ್ಲ್ ಕೋಳಿ ಚಿತ್ರ ಇತ್ತ್. ಸೂತಕದ ಮನಿಯೊಳ್ಗೆ ಇದ್ ಬ್ಯಾಡ."

"ನಾಯಿಗ್ ಎಂತ ಸೂತಕ?"

"ನಾಯಿಗಲ್ಲ. ಪ್ಯಾಕೆಟ್ ಇಪ್ಪುದ್ ನಮ್ಮ್ ಅಡ್ಗಿ ಮನಿಯೊಳ್ಗೆ."

ಹೋಗಿ ಗಿರಿಜನ ಮನೆಯಲ್ಲಿಟ್ಟು ಬಂದಳು. ಹಾಗಾಗಿ ಬೊಗ್ಗನಿಗೂ ನಮಗೂ ಒಂದೇ ಊಟ. ಗಂಜಿ, ಬೇಯಿಸಿದ ಕುಂಬಳಕಾಯಿ. ಹತ್ತು ದಿನದಲ್ಲಿ ಹೋಗಿಯೇ ಬಿಡುತ್ತಾನೆ ಎಂದುಕೊಂಡೆ. ಅಣ್ಣನ ಹಿಂದೆಯೇ.

ಮೊದಲ ದಿನ ಕಕ್ಕಲಿಲ್ಲ. ಹೊಟ್ಟೆಯಲ್ಲಿ ಇರಲಿಕ್ಕೆ ಏನಿದೆ, ಅದಕ್ಕೇ ಎಂದುಕೊಂಡೆ. ಎರಡನೇ ದಿನವೂ ಇಲ್ಲ. ನಾಲ್ಕನೇ ದಿನ ಬೆಳಿಗ್ಗೆ ತೆಂಗಿನ ಬುಡದಲ್ಲಿ ಕಂಡಿತು. ಕೋಲು ತಂದು ಒತ್ತಿ ನೋಡಿದೆ. ಗಟ್ಟಿ!

"ಜಲಜಾ, ಬೇಗ್ ಬಾ, ಕಾಣ್ ಬಾ!"

ಜಲಜನಿಗಿಂತ ಮೊದಲು ಓಡಿ ಬಂದವಳು ಗಿರಿಜ. ಅಣ್ಣ ಸತ್ತದ್ದಕ್ಕೆ ಮಾತಾಡಿಸಿ ಹೋಗಲಿಕ್ಕೆ ಬಂದಿದ್ದಳು. ನಾನು ಕೋಲಿನಿಂದ ತೋರಿಸಿದ್ದನ್ನು ನೋಡಿ ಸೆರಗಿನಿಂದ ಮೂಗು ಮುಚ್ಚಿದಳು.

"ಅಯ್ಯೋ ದೇವ್ರೆ! ಅಣ್ಣ ಹೋಯಿ ನಾಲ್ಕ್ ದಿನ ಆಯ್ಲಿಲ್ಲ, ಇವ್ರ್ ನಗಾಡ್ತಿದ್ರ್."

ನಗುತ್ತಿದ್ದೆ, ಹೌದು. ಸುಳ್ಳು ಯಾಕೆ?

ಹತ್ತನೇ ದಿನಕ್ಕೆ ಬೊಗ್ಗ ಕಾಗೆಯ ಹಿಂದೆ ಗೇಟಿನವರೆಗೆ ಓಡಿದ. ಅಂಗಳದಲ್ಲಿ ಒಣಮೀನು ಇರಲಿಲ್ಲ, ಆದರೂ ಓಡಿದ. ನಾನು ತೀರ್ಮಾನ ಮಾಡಿಯೇಬಿಟ್ಟೆ: ಮೀನು, ಕೋಳಿ, ಮೊಟ್ಟೆ ಯಾವುದೂ ಇವನಿಗೆ ಹಿಡಿಸುವುದಿಲ್ಲ. ಮೀನು ಮಾರುವವರ ಮನೆಯಲ್ಲಿ ಮೀನು ಆಗದ ನಾಯಿ! ಯಾರಿಗಾದರೂ ಹೇಳಿದರೆ ಮರ್ಯಾದೆ ಹೋಗುತ್ತದೆ. ಹೋಗಲಿ, ಬದುಕಿದನಲ್ಲ.

ಹನ್ನೆರಡನೇ ದಿನ ಸೂತಕ ಕಳೆದು ಮನೆಗೆ ಬಂಗುಡೆ ಬಂತು. ಬಾಯಿ ಸಪ್ಪೆಯಾಗಿ ಕೂತಿತ್ತು, ಒಳ್ಳೆ ಖಾರದ ಸಾರು ಮಾಡಿದೆ. ಬೊಗ್ಗನಿಗೆ ಒಂದು ಮುಳ್ಳೂ ಹಾಕಲಿಲ್ಲ. ಬಾಲ ಅಲ್ಲಾಡಿಸಿದ, ಬೈದೆ. ಗಂಜಿ, ಕುಂಬಳಕಾಯಿ, ಹಿಂದಿನ ದಿನ ಕೊಟ್ಟದ್ದೇ ಕೊಟ್ಟೆ.

ಸಂಜೆ ಐದಕ್ಕೆ ಕಕ್ಕಿದ. ಎರಡು ಸಲ.

ನಾನು ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಕೂತೆ. ಕ್ಯಾಲೆಂಡರಿನ ಗೆರೆಗೆ ನಾಳೆಗೆ ಹದಿನೈದು. ಡಾಕ್ಟರಿಗೆ ಏನು ಹೇಳುವುದು? ಮೀನಿಲ್ಲ, ಕೋಳಿ ಇಲ್ಲ, ಪ್ಯಾಕೆಟ್ಟಿಲ್ಲ, ಆದರೂ ಹೀಗೆ. ಇನ್ನು ಹುಡುಕಲಿಕ್ಕೆ ಏನು ಉಳಿದಿದೆ? ಬೊಗ್ಗ ಬಂದು ನನ್ನ ಕಾಲ ಹತ್ತಿರ ಮಲಗಿದ. ಅವನನ್ನು ನೋಡಲಿಲ್ಲ.

ಜಲಜ ಪಾತ್ರೆ ತೊಳೆಯುತ್ತಿದ್ದಳು.

"ಅತ್ತೆ, ಇವತ್ತ್ ಅದ್ಕ್ ಎಂತ ಕೊಟ್ರಿ?"

"ಗಂಜಿ. ಕುಂಬ್ಳಕಾಯಿ."

"ಮತ್ತೆ?"

"ಮತ್ತೆಂತದೂ ಇಲ್ಲೆ ಅಂದೆ ಅಲ್ದಾ?"

ಅವಳ ಕೈಯಲ್ಲಿ ಮಿಕ್ಸಿ ಜಾರು ಇತ್ತು. ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಇದ್ ತೊಳ್ದ್ ನೀರ್ ಎಲ್ಲ್ ಹೊಯ್ದ್ರಿ?"

"ನಾಯಿ ಗಂಜಿಗ್. ಅದ್ ಬರೀ ನೀರಲ್ದಾ..." ಎಂದೆ. ಎದ್ದು ಅವಳ ಕೈಯಿಂದ ಜಾರು ತೆಗೆದುಕೊಂಡು ಮೂಸಿದೆ.

ನಮ್ಮ ಕರಾವಳಿಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ. ಉಳಿದವರಿಗೆ ಹೇಳುತ್ತೇನೆ. ಸಾರಿಗೆ ಅರೆದ ಮೇಲೆ ಜಾರಿಗೆ ನೀರು ಹಾಕಿ ತೊಳೆಯುತ್ತೇವೆ. ಮೊದಲು ತೊಳೆದದ್ದು ಸಾರಿಗೆ. ಅಡಿಯಲ್ಲಿ ಅಂಟಿದ್ದನ್ನು ಬೆರಳು ಹಾಕಿ ಎರಡನೇ ಸಲ ತೊಳೆದದ್ದು ನಾಯಿಯ ಗಂಜಿಗೆ. ನನ್ನ ಅಬ್ಬೆ ಅರೆಯುವ ಕಲ್ಲು ತೊಳೆದು ಹೊಯ್ಯುತ್ತಿದ್ದಳು, ನಾನು ಮಿಕ್ಸಿ ತೊಳೆದು ಹೊಯ್ಯುತ್ತೇನೆ. ಹಾಳು ಮಾಡಬಾರದು, ನಾಯಿಗೂ ಚೂರು ಪರಿಮಳ ಬೇಕು. ಅದಕ್ಕೆ ಊಟ ಎಂಬ ಹೆಸರಿಲ್ಲ. ಅದು ನೀರು.

ಆ ನೀರಿನಲ್ಲಿ ಏನಿತ್ತು? ಹದಿನೈದು ಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ, ಈರುಳ್ಳಿ, ಹುಳಿ, ಅರ್ಧ ಕಾಯಿ. ಡಾಕ್ಟ್ರು ಒಂದೊಂದೇ ಹೆಸರು ಹಿಡಿದು ಕೇಳಿದ್ದು, ನಾನು ಒಂದೊಂದಕ್ಕೂ ಇಲ್ಲ ಎಂದದ್ದು. ಮೀನಿನ ತಲೆಗೂ ಅದೇ ನೀರು, ಕೋಳಿಗೂ ಅದೇ, ಮೊಟ್ಟೆಗೂ ಅದೇ. ಪ್ಯಾಕೆಟ್ಟಿನ ಕಾಳು ನೆನೆಸಿದ್ದು ಕೂಡ ಅದರಲ್ಲಿಯೇ. ಸೂತಕದಲ್ಲಿ ಮಿಕ್ಸಿ ಮುಟ್ಟಲಿಲ್ಲ, ನಾಯಿ ಬದುಕಿತು. ಅಣ್ಣ ಎಂಬತ್ತೆರಡು ವರ್ಷದಲ್ಲಿ ಮಾಡಿದ ಒಂದು ಉಪಕಾರ ಅಂದರೆ ಇದು. ಅದೂ ಅವನಿಗೆ ಗೊತ್ತಿಲ್ಲದೆ.

ಜಲಜ ಡಾಕ್ಟರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ನಾನೇ ಹೇಳಿದೆ.

"ಅಮ್ಮಾ, ನಾನು ಮಸಾಲೆ ಹಾಕ್ತೀರಾ ಅಂತ ಕೇಳಿದ್ನಲ್ಲಾ?"

"ಮಸಾಲೆ ಕೇಳಿದ್ರಿ. ತೊಳ್ದ್ ನೀರ್ ಕೇಳ್ಲಿಲ್ಲ."

ಆ ಮೆತ್ತಗಿನ ಹುಡುಗ ನಕ್ಕ ನಗು ಕೇಳಿ ಬೊಗ್ಗನೂ ಕಿವಿ ನೆಟ್ಟಗೆ ಮಾಡಿದ. "ಮೀನು, ಕೋಳಿ ಎಲ್ಲಾ ಸಪ್ಪೆ ಬೇಯ್ಸಿ ಸ್ವಲ್ಪ ಸ್ವಲ್ಪ ಕೊಟ್ಟು ನೋಡಿ, ಏನೂ ಆಗಲ್ಲ. ಹಾಗಾದ್ರೆ ಇಂಜೆಕ್ಷನ್ ಬೇಡ ಅಲ್ವಾ?"

"ಬ್ಯಾಡ" ಎಂದೆ. ಎದೆಯ ಮೇಲಿಂದ ಒಂದು ಬುಟ್ಟಿ ಇಳಿಸಿದ ಹಾಗಾಯಿತು. ಮೂವತ್ತೈದು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತವಳು, ಇಳಿಸುವುದು ಅಂದರೆ ಏನು ಎಂದು ನನಗೆ ಗೊತ್ತು.

ಇಷ್ಟು ವರ್ಷ ನಾವು ಸಾಕಿದ ನಾಯಿಗಳೆಲ್ಲ ಅದೇ ನೀರು ಕುಡಿದು ಬದುಕಲಿಲ್ಲವಾ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಬದುಕಿದವು. ಬೊಗ್ಗನ ಹೊಟ್ಟೆಯೂ ಮೊದಲ ಎರಡು ವರ್ಷ ಹೇಗೋ ತಡೆದುಕೊಂಡಿತ್ತು. ಅಥವಾ ಗದ್ದೆಯಂಚಿಗೆ ಹೋಗಿ ಕಕ್ಕಿ ಬರುತ್ತಿದ್ದವೋ ಏನೋ. ನೋಡಿದವರು ಯಾರು? ಆಗ ಅಂಗಳಕ್ಕೆ ಬೇಲಿ ಇರಲಿಲ್ಲ, ನಮಗೆ ಪುರುಸೊತ್ತೂ ಇರಲಿಲ್ಲ.

ಮತ್ತೆ ನಾನು ಹೇಳಿದ್ದು ಸುಳ್ಳೂ ಅಲ್ಲ. ದಿನಾ ಮಾಡುವುದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಗಿರಿಜನಿಗೆ ಶುಗರ್ ಇದೆ. ಸಿಹಿ ಮುಟ್ಟುವುದೇ ಇಲ್ಲ ಎನ್ನುತ್ತಾಳೆ. ದಿನಕ್ಕೆ ಆರು ಚಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಅದು ಚಾ ಅಲ್ಲವಾ, ಸಿಹಿ ಹೇಗಾಗುತ್ತದೆ? ನಿಮ್ಮ ಮನೆಯಲ್ಲಿ ಯಾರಿಗಾದರೂ ಏನಾದರೂ ಹಿಡಿಸುತ್ತಿಲ್ಲ ಎಂದರೆ ತಟ್ಟೆ ನೋಡಬೇಡಿ. ತಟ್ಟೆಗೆ ಬಡಿಸಿದ್ದು ಎಲ್ಲರಿಗೂ ನೆನಪಿರುತ್ತದೆ. ಲೆಕ್ಕಕ್ಕೆ ಹಿಡಿಯದೆ ಹೊಯ್ದದ್ದು ಏನು, ಅದನ್ನು ನೋಡಿ.

ಮಾರನೇ ಬೆಳಿಗ್ಗೆ ಬೊಗ್ಗನ ಗಂಜಿಗೆ ಒಂದು ಸಪ್ಪೆ ಬಂಗುಡೆ ಬೇಯಿಸಿ, ಮುಳ್ಳು ಬಿಡಿಸಿ ಹಾಕಿದೆ. ತಿಂದ. ಒಂದು ಗಂಟೆ ಪಕ್ಕದಲ್ಲೇ ನಿಂತು ಕಾದೆ. ಕಕ್ಕಲಿಲ್ಲ. ಆಮೇಲೆ ನಮ್ಮ ಸಾರಿಗೆ ಅರೆದೆ. ಮೊದಲ ಸಲ ತೊಳೆದದ್ದನ್ನು ಸಾರಿಗೆ ಹಾಕಿದೆ. ಎರಡನೇ ಸಲ ತೊಳೆದದ್ದನ್ನು ಹಿಡಿದುಕೊಂಡೆ, ಕಾಲು ತನ್ನಷ್ಟಕ್ಕೆ ಹಿಂದಿನ ಬಾಗಿಲಿಗೆ ಹೋಯಿತು. ಅಲ್ಲಿ ನಿಂತೆ. ಚೆಲ್ಲಲಿಕ್ಕೆ ಕೈ ಬರಲಿಲ್ಲ. ತಿರುಗಿ ಬಂದು ಅದನ್ನೂ ನಮ್ಮ ಸಾರಿಗೇ ಸುರಿದೆ.

ಜಲಜ ಸೌಟು ಎತ್ತಿ ನೋಡಿದಳು. "ಎಂತ ಅತ್ತೆ, ಸಾರಿಗ್ ಇಷ್ಟ್ ನೀರ್ ಹೊಯ್ದ್ರಿ?"

"ನೀರಲ್ಲ ಹೆಣ್ಣೇ, ಅದ್ ಮಸಾಲೆ" ಎಂದೆ.